ಅರ್ಧ ಗಾದೆ

ನಮ್ಮ ದೊಡ್ಡಮ್ಮ ಗಾದೆಯನ್ನು ಅರ್ಧವೇ ಹೇಳುತ್ತಿದ್ದಳು.
ಉಳಿದರ್ಧ ನಮ್ಮ ಪಾಲು,
ಕಡ್ಲೆಕಾಯಿ ಕೈಗಿಟ್ಟು ಸಿಪ್ಪೆ ನೀವೇ ಸುಲಕೊಳ್ಳಿ ಅಂದ ಹಾಗೆ.
ಬೀರೂರು ಸ್ಟೇಷನ್ನಿನ ಹಿಂದಿನ ಓಣಿ,
ರೈಲು ಕೂಗಿದರೆ ಮಾತು ನಡುವೆಯೇ ನಿಲ್ಲುವ ಮನೆ;
ಅಭ್ಯಾಸ ಅಲ್ಲಿಂದಲೇ ಬಂತೋ ಏನೋ.

ಖಲಂದರ್ ಸಾಬರ ಬಾಡಿಗೆ ಸೈಕಲ್ಲು, ಗಂಟೆಗೆ ಎಂಟಾಣೆ.
ಹಿಂದಿನ ಬ್ರೇಕು ಇಲ್ಲ,
ಮುಂದಿನದು ಇದೆ ಎಂಬುದು ಸಾಬರ ನಂಬಿಕೆ.
ಹಸಿರು ಲಂಗ ಚೈನಿಗೆ ಸಿಕ್ಕಿ
ನಾನು, ಸೈಕಲ್ಲು, ಲಂಗ, ಮೂರೂ ಒಟ್ಟಿಗೆ
ಗಿರಣಿಯ ಮುಂದೆ ಒಣಹಾಕಿದ್ದ ಯಾರದೋ ರಾಗಿಯ ಮೇಲೆ.
"ರಸ್ತೆ ಸರಿ ಇರಲಿಲ್ಲ" ಅಂದೆ.
"ಕುಣಿಯಕ್ಕೆ ಬಾರದೋಳು..." ಅಂದಳು ದೊಡ್ಡಮ್ಮ,
ಮಂಡಿಗೆ ಅರಿಶಿನ ಒತ್ತುತ್ತಾ, ಕಾಯುತ್ತಾ.
"ನೆಲ ಡೊಂಕು ಅಂದ್ಲಂತೆ" ಅಂದೆ, ಅಳುತ್ತಲೇ.
ತಪ್ಪೂ ನಮ್ಮದೇ, ತೀರ್ಪೂ ನಮ್ಮ ಬಾಯಿಂದಲೇ.

ಅವಳ ಮಗ ಕಲ್ಲೇಶಿಗೆ ಮಾತ್ರ
ಉಳಿದರ್ಧ ಎಂದೂ ಸರಿಯಾಗಿ ಬಂದದ್ದಿಲ್ಲ.
ಹತ್ತನೇ ಕ್ಲಾಸಿನ ಗ್ರೂಪ್ ಫೋಟೋಕ್ಕೆಂದು
ಹರಳೆಣ್ಣೆಗೆ ಕಾಡಿಗೆ ಕಲೆಸಿ ಮೀಸೆ ಬರೆದುಕೊಂಡ.
ಬಿಸಿಲಿಗೆ ಮೀಸೆ ಗದ್ದಕ್ಕಿಳಿಯಿತು.
"ಅಲ್ಪನಿಗೆ ಐಶ್ವರ್ಯ ಬಂದ್ರೆ..."
"ಬ್ಯಾಂಕಿಗೆ ಹಾಕ್ದ."
"ಕೈ ಕೆಸರಾದ್ರೆ..."
"ಸೋಪು ಹಾಕ್ಕೋ."
ಫೋಟೋ ಇವತ್ತಿಗೂ ಇದೆ. ಎರಡನೇ ಸಾಲು, ಬಲದಿಂದ ಮೂರನೆಯವನು,
ಗಡ್ಡ ಬಿಟ್ಟ ಮುನಿಯ ಹಾಗೆ ನಿಂತಿದ್ದಾನೆ.

ದೊಡ್ಡದು ನಡೆದದ್ದು ಗೌರಿಹಬ್ಬದ ಹಿಂದಿನ ವಾರ.
ತರೀಕೆರೆಯಲ್ಲಿ ಚಿಕ್ಕಮ್ಮ ಬಾಣಂತಿ.
ಡಬ್ಬಿ ತುಂಬ ಅಂಟಿನುಂಡೆ ಕಟ್ಟಿ ನಮ್ಮಿಬ್ಬರನ್ನು ಕಳಿಸಿದಳು.
ಬೀರೂರಿನಿಂದ ಒಂದು ಹಳಿ ಶಿವಮೊಗ್ಗದ ಕಡೆ,
ಇನ್ನೊಂದು ಹುಬ್ಬಳ್ಳಿ ಕಡೆ.
ಕಲ್ಲೇಶಿ "ಇದು" ಅಂದ, ನಾನು "ಅದು" ಅಂದೆ,
ವಾದ ಮುಗಿದಾಗ ಅಜ್ಜಂಪುರ ಬಂದಿತ್ತು.
ವಾಪಸ್ ಗಾಡಿ ಸಂಜೆಗೆ. ಹಸಿವು ಮಧ್ಯಾಹ್ನಕ್ಕೇ.
ತಪ್ಪು ಟಿಕೆಟ್ಟಿಗೆ ದಂಡ ಹಾಕದಿರಲೆಂದು ಮಾಸ್ತರರಿಗೆ ಎರಡು,
ಪ್ಲಾಟ್‌ಫಾರಂ ನಾಯಿಗೆ ಒಂದು.
ಉಳಿದ ಉಂಡೆಗಳ ಲೆಕ್ಕ ಕೇಳಬೇಡಿ.
ರಾತ್ರಿ ದೊಡ್ಡಮ್ಮ ಡಬ್ಬಿ ಅಲ್ಲಾಡಿಸಿದಳು.
"ಎತ್ತು ಏರಿಗೆ ಎಳೀತು..."
ನಮ್ಮಲ್ಲಿ ಎತ್ತು ಯಾರು, ಕೋಣ ಯಾರು,
ಆ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

"ನಿಮ್ಮನ್ನ ನಂಬಿದ್ರೆ
ಕೂಸು ಇಸ್ಕೂಲಿಗೆ ಹೋಗೋ ಹೊತ್ತಿಗೆ ಉಂಡೆ ಮುಟ್ಟುತ್ತೆ" ಅಂತ
ಮತ್ತೆ ಉಂಡೆ ಕಟ್ಟಿ ತಾನೇ ಹೊರಟಳು.
ಸಂಜೆ ಬಂದಳು. ತಲೆಯ ಮೇಲೆ ಅರ್ಧ ಚೀಲ ಈರುಳ್ಳಿ.
ಈರುಳ್ಳಿ ಅಜ್ಜಂಪುರದ್ದು.
ನಾವು ಡಬ್ಬಿ ಅಲ್ಲಾಡಿಸಿ ನೋಡಿದೆವು. ಸದ್ದೇ ಇಲ್ಲ, ಅಷ್ಟು ಭರ್ತಿ.
"ಈರುಳ್ಳಿ ತರಕ್ಕೇ ಹೋಗಿದ್ದು" ಅಂದಳು,
ಯಾರೂ ಏನೂ ಕೇಳುವ ಮೊದಲು.
ಆಗ ಕಲ್ಲೇಶಿಗೆ, ಹುಟ್ಟಿದಾಗಿನಿಂದ ಮೊದಲ ಸಲ,
ಸರಿಯಾದ ಗಾದೆ ಹೊಳೆಯಿತು.
"ಜಟ್ಟಿ ಜಾರಿ ಬಿದ್ರೆ..." ಅಂದು ನಿಲ್ಲಿಸಿದ, ಅವಳದೇ ಧಾಟಿಯಲ್ಲಿ.
ಹೊರಗೆ ರೈಲು ಕೂಗಿತು.
ಅದು ಕೂಗಿ ಮುಗಿಸಲಿ ಎಂದು ಕಾದಳು.
ಆಮೇಲೆ ಈಳಿಗೆಮಣೆ ಅವನ ಮುಂದಕ್ಕೆ ತಳ್ಳಿ,
"ಬಾಯಿ ಮುಚ್ಚು, ಈರುಳ್ಳಿ ಹೆಚ್ಚು" ಅಂದಳು.
ಪೂರ್ತಿ. ಒಂದೇ ಉಸಿರಿಗೆ.

ಹೆಚ್ಚಿದೆವು. ಮೂವರ ಕಣ್ಣಲ್ಲೂ ನೀರು;
ಈರುಳ್ಳಿಯದೆಷ್ಟು, ನಗುವಿನದೆಷ್ಟು, ಬೇರೆ ಮಾಡಲಿಲ್ಲ.

ಆ ಗಾದೆ ಯಾವ ಪುಸ್ತಕದಲ್ಲೂ ಇಲ್ಲ,
ನಮ್ಮ ಮನೆಯಲ್ಲಿ ಎಲ್ಲದಕ್ಕೂ ನಡೆಯುತ್ತದೆ.
ಮೊನ್ನೆ ಕಾರು ಹಿಂದಕ್ಕೆ ತೆಗೆಯಲು ಹೋಗಿ
ಹಾಲಿನ ಡೈರಿಯ ಗೋಡೆಗೆ ಮುಟ್ಟಿಸಿದೆ.
ಮಗ ಬಾಯಿ ತೆರೆದ.
ಚೀಲದಲ್ಲಿ ಈರುಳ್ಳಿ ಇರಲಿಲ್ಲ,
ಮೂಲಂಗಿ ಇತ್ತು. ಕೊಟ್ಟೆ.